ಯವನರು ಅತ್ತ ದಿನ

ಗುರುಗಳ ಕಥೆ ಎಂದರೆ ಕೊನೆಯಲ್ಲಿ ಗುರುಗಳು ಮುಗುಳ್ನಗುತ್ತಾರೆ, ಶಿಷ್ಯನ ಕಣ್ಣು ತೆರೆಯುತ್ತದೆ, ಓದಿದ ನಮಗೂ ಸ್ವಲ್ಪ ಹಿತವಾಗುತ್ತದೆ. ಆ ಹಿತಕ್ಕಾಗಿ ಬಂದವರು ಈ ಕಥೆಯನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು. ಕಾಪ್ಯ ಗುರುಗಳು ನಗುವವರಲ್ಲ.

ಅವರ ಆಶ್ರಮ ಸಿಂಧೂ ನದಿಯ ದಡದಲ್ಲಿತ್ತು. ಆಶ್ರಮವೆಂದರೆ ಎರಡು ಗುಡಿಸಲು, ಒಂದು ಅತ್ತಿಮರ, ಅಷ್ಟೇ.

ಹಿಂದಿನ ಗುಡ್ಡದ ಮೇಲೆ ಯವನರ ಪಟ್ಟಣ. ಮೊದಲು ಅಲ್ಲಿ ಕಕುಭ ಎಂಬ ಊರಿತ್ತು. ಪಡುವಣದಿಂದ ಬಂದ ಯವನರ ಸೈನ್ಯ ಅದನ್ನು ಸುಟ್ಟು, ಅದರ ಕಲ್ಲುಗಳಿಂದಲೇ ತನ್ನ ಪಟ್ಟಣವನ್ನು ಕಟ್ಟಿಕೊಂಡು, ತನ್ನ ಯಾವಳೋ ರಾಣಿಯ ಹೆಸರಿಟ್ಟಿತು. ಕಂಬಗಳು ಚೆಂದ. ಬೀದಿಗಳು ನೇರ. ಸುಟ್ಟ ಗುರುತು ಎಲ್ಲೂ ಇಲ್ಲ.

ಕಾಪ್ಯರು ಕಕುಭದವರು. ಅವರ ಶಿಷ್ಯ ವಿಶಾಖನೂ ಕಕುಭದವನೇ. ಊರು ಉರಿದಾಗ ಅವನು ತಾಯಿಯ ಕಂಕುಳಲ್ಲಿದ್ದ ಕೂಸು.

ಗುರುಗಳು ಅವನಿಗೆ ನೀರುಹಾಡು ಕಲಿಸುತ್ತಿದ್ದರು. ಸತ್ತವರಿಗೆ ನೀರು ಬಿಡುವಾಗ ಹೇಳುವ ಹಾಡು ಅದು. ನದಿಯ ಎರಡೂ ದಡದ ಬೆಟ್ಟದ ಜನಕ್ಕೆ ಅದೇ ಹಾಡು. ರಾಗ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಮಾತು ಪೂರ್ತಿಯಾಗಿ ಗೊತ್ತಿದ್ದದ್ದು ಗುರುಗಳೊಬ್ಬರಿಗೆ.

ಹಾಡುವವನು ನೀರಿಗೆ ಮುಖ ಮಾಡಿ, ಬದುಕಿರುವವರಿಗೆ ಬೆನ್ನು ಹಾಕಿ ಕೂರಬೇಕು. ಪಾಠವೂ ಹಾಗೆಯೇ ನಡೆಯುತ್ತಿತ್ತು. ಹಾಡುವಾಗ ಗುರುಗಳ ಮುಖ ಹೇಗಿರುತ್ತದೆ ಎಂದು ವಿಶಾಖ ಒಮ್ಮೆಯೂ ನೋಡಿರಲಿಲ್ಲ.

"ಬೆನ್ನು ಯಾಕೆ ಹಾಕಬೇಕು, ಗುರುಗಳೇ?" ಎಂದು ಕೇಳಿದ್ದ.

"ಅದು ನಿನಗೆ ಹೇಳುವ ಹಾಡಲ್ಲವಲ್ಲ" ಎಂದಿದ್ದರು ಗುರುಗಳು.

ಒಂದು ದಿನ ಪಾಠ ಮುಗಿದ ಮೇಲೆ ವಿಶಾಖ ಎದ್ದು ಹೋಗದೆ ಹಾಗೇ ಕೂತ.

"ಯವನರ ಪಟ್ಟಣಕ್ಕೆ ಹೋಗಿ ಅವರ ವಿದ್ಯೆ ಕಲಿಯಬೇಕು ಅಂತ ಆಸೆ."

"ಹೋಗು."

ಇಷ್ಟು ಬೇಗ ಒಪ್ಪುತ್ತಾರೆಂದು ಅವನು ಎಣಿಸಿರಲಿಲ್ಲ. "ಅವರು ನಮ್ಮ ಊರು ಸುಟ್ಟವರು" ಎಂದು ತಾನೇ ಜ್ಞಾಪಿಸಿದ.

"ಸುಟ್ಟವರಿಗೆ ವಿದ್ಯೆ ಇರಬಾರದು ಅಂತ ಯಾರು ಹೇಳಿದರು? ಅವರ ವೈದ್ಯ ಒಳ್ಳೆಯದು. ನಕ್ಷತ್ರದ ಲೆಕ್ಕ ನಮ್ಮದಕ್ಕಿಂತ ಒಳ್ಳೆಯದು. ಕಲಿ. ನಾಟಕಕ್ಕೆ ಮಾತ್ರ ಹೋಗಬೇಡ."

"ಅದು ಕೆಟ್ಟದ್ದೇ?"

"ಅಲ್ಲ. ಅದು ಎಲ್ಲಕ್ಕಿಂತ ಒಳ್ಳೆಯದು."

ಬೇಡ ಎಂದದ್ದನ್ನೇ ಮೊದಲು ಮಾಡುವುದು ಶಿಷ್ಯರ ಹುಟ್ಟುಗುಣ. ಗುರುಗಳಿಗೂ ಅದು ಗೊತ್ತಿರುತ್ತದೆ. ಆದರೂ ಬೇಡ ಎನ್ನುತ್ತಾರೆ. ವಿಶಾಖ ಯವನರ ಭಾಷೆ ಕಲಿತ, ವೈದ್ಯ ಕಲಿತ, ಲೆಕ್ಕ ಕಲಿತ. ನಡುವೆ ಒಂದು ಹಬ್ಬದ ದಿನ ನಾಟಕಕ್ಕೆ ಹೋದ. ಮರುದಿನ ಬೆಳಗ್ಗೆ ಆಶ್ರಮಕ್ಕೆ ಓಡಿ ಬಂದ.

"ಗುರುಗಳೇ, ನಾನು..."

"ನಾಟಕ ನೋಡಿದ್ದೀಯ. ನಿನ್ನ ನಡಿಗೆಯೇ ಹೇಳುತ್ತಿದೆ. ಕೂತುಕೋ, ಬೀಳುತ್ತೀಯ."

ವಿಶಾಖ ಕೂರಲಿಲ್ಲ. "ಅವರ ಪೂರ್ವಿಕರು ಯಾವುದೋ ಕಾಲದಲ್ಲಿ ಕಡಲಾಚೆಯ ಒಂದು ಊರನ್ನು ಸುಟ್ಟಿದ್ದರಂತೆ. ಆ ಊರಿನ ಒಬ್ಬ ತಾಯಿಯ ಕಥೆ. ಮಗಳನ್ನು ದಾಸಿಯಾಗಿ ಹಡಗು ಹತ್ತಿಸುತ್ತಾರೆ. ಆಗ ತಾಯಿ ಒಂದೇ ಒಂದು ಗಳಿಗೆ ಬೇಡಿಕೊಂಡು, ಮಗಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಾಳೆ. ಅಷ್ಟೇ. ಸುಟ್ಟವರ ಮೊಮ್ಮಕ್ಕಳು, ಗುರುಗಳೇ, ಕತ್ತಿ ಕಟ್ಟಿದ ಗಂಡಸರು, ಅದನ್ನು ನೋಡಿ ಬಿಕ್ಕಿ ಬಿಕ್ಕಿ ಅತ್ತರು!"

"ಹ್ಞೂಂ."

"ಶತ್ರುವಿನ ದುಃಖಕ್ಕೆ ಅಳಬಲ್ಲ ಜನ ಅವರು. ನಮ್ಮಲ್ಲಿ ಅಂಥ ಒಂದಾದರೂ ಹಾಡಿದೆಯೇ? ನಾವು ಸುಟ್ಟವರಿಗಾಗಿ ಅತ್ತದ್ದು?"

"ಇಲ್ಲ."

"ನೋಡಿ ಮತ್ತೆ!"

"ಯಾರ ಊರನ್ನೂ ಸುಡುವ ಯೋಗ ನಮಗೆ ಬರಲಿಲ್ಲ. ಬಂದಿದ್ದರೆ ನಾವೂ ಒಂದು ಕಟ್ಟುತ್ತಿದ್ದೆವೋ ಏನೋ."

ವಿಶಾಖನಿಗೆ ಸಿಟ್ಟು ಬಂತು. ನಾಟಕ ನೋಡಿ ಬಂದವನಿಗೆ ನೋಡದವರ ಮೇಲೆ ಬರುವ ಸಿಟ್ಟು.

"ನೀವು ಒಮ್ಮೆಯಾದರೂ ನೋಡಿದ್ದೀರಾ?"

"ಒಮ್ಮೆ."

"ಅಳು ಬರಲಿಲ್ಲವೇ?"

"ಬಂತು. ಅದಕ್ಕೇ ಮತ್ತೆ ಹೋಗಲಿಲ್ಲ."

ಆ ವರ್ಷ ಆಚೆ ದಡದ ವೇತಸ ಎಂಬ ಊರಿನಲ್ಲಿ ಕುದುರೆಗಳಿಗೆ ರೋಗ ಬಂತು. ವರ್ಷವರ್ಷವೂ ಯವನರಿಗೆ ಕುದುರೆಗಳನ್ನು ಕಪ್ಪವಾಗಿ ಕಳಿಸುತ್ತಿದ್ದ ಊರು ಅದು. ಈ ಸಲ ಕಳಿಸಲಿಲ್ಲ. ಕುದುರೆಗಳು ಸತ್ತಿವೆ ಎಂದು ಹೇಳಿ ಕಳಿಸಿತು. ಕಪ್ಪ ಕೇಳುವವರಿಗೆ ಇಂಥ ಮಾತು ಕೇಳಿಸುವುದಿಲ್ಲ. ಪಟ್ಟಣದ ದಂಡನಾಯಕ ಮೆಲಾಂತ ದಡಕ್ಕೆ ದೋಣಿಗಳನ್ನು ತರಿಸತೊಡಗಿದ.

ವೇತಸದಲ್ಲಿ ವಿಶಾಖನ ಅಕ್ಕ ಭದ್ರೆ ಇದ್ದಳು. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವಳ ಗಂಡ ಆ ಊರಿನ ಬಾಗಿಲು ಕಾಯುವವನು. ವೇತಸಕ್ಕೆ ಇದ್ದದ್ದು ಒಂದೇ ಬಾಗಿಲು, ನದಿಯ ಕಡೆಗೆ. ಅದನ್ನು ಮುಚ್ಚಿ ಅಗುಳಿ ಹಾಕಿದರೆ ವರ್ಷಗಟ್ಟಲೆ ಹೊರಗೆ ಕೂತರೂ ಒಳಗೆ ಹೋಗಲಾಗದು ಎಂದು ಎರಡೂ ದಡದವರು ಹೇಳುತ್ತಿದ್ದರು.

"ಬಾಗಿಲು ಗಟ್ಟಿ ಇದೆಯಲ್ಲ" ಎಂದರು ಗುರುಗಳು.

"ಎಷ್ಟು ದಿನ? ಒಳಗೆ ಕಾಳು ಇರುವ ತನಕ. ಗುರುಗಳೇ, ಅವರು ಹೊರಡುವುದನ್ನೇ ನಿಲ್ಲಿಸಬೇಕು. ನನಗೊಂದು ದಾರಿ ಕಂಡಿದೆ."

"ಹೇಳು."

"ನಾನೊಂದು ನಾಟಕ ಬರೆಯುತ್ತೇನೆ. ಅವರ ಭಾಷೆಯಲ್ಲಿ. ಕಕುಭ ಸುಟ್ಟ ಕಥೆ. ಎಂದೋ ಕಡಲಾಚೆ ಸತ್ತವರಿಗೆ ಅಳುವ ಜನ, ತಾವೇ ಕೊಂದವರಿಗೆ ಅಳುವುದಿಲ್ಲವೇ? ಅತ್ತವರು ಮತ್ತೆ ಅದೇ ಕೆಲಸಕ್ಕೆ ಹೋಗುತ್ತಾರೆಯೇ?"

"ಅಳುವ ಗಂಡಸನ್ನು ನಂಬಬಾರದು ಅಂತ ನಮ್ಮಜ್ಜಿ ಹೇಳುತ್ತಿದ್ದಳು."

"ನಗುವ ಹೆಂಗಸನ್ನೂ ಅಂತ ಸೇರಿಸಿರಬೇಕು."

"ಸೇರಿಸುತ್ತಿದ್ದಳು. ಅದು ಸುಳ್ಳು. ಇದು ನಿಜ."

ವಿಶಾಖ ನೆಲ ನೋಡಿದ. ಹೇಳಬೇಕಾದದ್ದು ಇನ್ನೂ ಉಳಿದಿತ್ತು. "ನಾಟಕದ ಕೊನೆಗೆ ನೀರುಹಾಡು ಬೇಕು" ಎಂದ.

ಗುರುಗಳು ಅವನ ಕಡೆ ತಿರುಗಿದರು.

"ಅದು ಕೇಳಿದರೆ ನಮ್ಮ ಜನ ಏನು ಮಾಡುತ್ತಾರೆ, ಗೊತ್ತಲ್ಲ?" ಎಂದು ಕೇಳಿದರು.

"ಬಾಗಿಲು ತೆಗೆಯುತ್ತಾರೆ."

"ಹಗೆಯವನೇ ಹಾಡುತ್ತ ಬಂದರೂ?"

"ಬಂದರೂ. ಸತ್ತವರಿಗೆ ನೀರು ಬಿಡಲು ಬಂದವನನ್ನು ತಡೆಯಬಾರದು. ತಂಬಿಗೆ ತುಂಬ ನೀರು ಕೊಟ್ಟು ಜೊತೆಗೆ ನಡೆಯಬೇಕು."

"ಅಂಥ ಹಾಡನ್ನು ಕೊಂಡುಹೋಗಿ ಬೀದಿಯಲ್ಲಿ ಇಡುತ್ತೀಯಾ?"

"ಅದಕ್ಕೇ ಗುರುಗಳೇ!" ವಿಶಾಖನ ಮುಖ ಅರಳಿತು. "ಬಾಗಿಲು ತೆಗೆಸುವ ಹಾಡು. ಅವರ ಎದೆಯ ಬಾಗಿಲನ್ನೂ ತೆಗೆಸುತ್ತದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾದೀತು ಅಂತ ನಿಮಗೆ ಹೆದರಿಕೆಯೇ?"

"ಕೋಣನಾಗಿದ್ದರೆ ಹೆದರಿಕೆ ಇರಲಿಲ್ಲ. ಇವರಿಗೆ ಸಂಗೀತ ಬರುತ್ತದೆ."

"ನೀವು ಬೇಡ ಅಂದರೆ ಬಿಡುತ್ತೇನೆ. ಆದರೆ ಅಕ್ಕ ಅಲ್ಲಿದ್ದಾಳೆ. ಬೇರೆ ಉಪಾಯ ಇದ್ದರೆ ಹೇಳಿ."

ಗುರುಗಳು ನದಿಯನ್ನು ನೋಡಿದರು. ಆಚೆ ದಡದಲ್ಲಿ ವೇತಸದ ಒಲೆಗಳ ಹೊಗೆ ತೆಳ್ಳಗೆ ಏಳುತ್ತಿತ್ತು.

"ಇಲ್ಲ" ಎಂದರು. "ನನ್ನ ಹತ್ತಿರ ಬೇರೆ ಉಪಾಯವಿಲ್ಲ."

"ಹಾಗಾದರೆ?"

"ಹಾಡು ನನ್ನದಲ್ಲ. ಕೊಡುವುದಕ್ಕೂ ನಾನು ಯಾರೂ ಅಲ್ಲ, ತಡೆಯುವುದಕ್ಕೂ ಅಲ್ಲ."

ಇಲ್ಲಿ ಗುರುಗಳು ತಪ್ಪಿದರು ಎಂದೇ ನನಗನಿಸುತ್ತದೆ. ಗದರಿಸಬೇಕಿತ್ತು. ಆದರೆ ಒಂದು ಊರು ಉಳಿದೀತೆಂಬ ಆಸೆ ಎದುರಿಗೆ ಬಂದು ಕೈಮುಗಿದು ನಿಂತಾಗ ಯಾವ ಗುರು ಗದರಿಸಿಯಾನು?

ನಾಟಕದ ದಿನ ವಿಶಾಖನೇ ಬಂದು ಗುರುಗಳ ಕೈಹಿಡಿದು ಗುಡ್ಡ ಹತ್ತಿಸಿದ. ಇಳಿಜಾರಿನಲ್ಲಿ ಅರ್ಧಚಂದ್ರದ ಹಾಗೆ ಕಲ್ಲಿನ ಸಾಲುಗಳು, ಒಂದರ ಮೇಲೊಂದು. ಕೆಳಗೆ ನಡುವೆ ರಂಗ. ಊರಿಗೆ ಊರೇ ಬಂದು ಕೂತಿತ್ತು. ಮೆಲಾಂತ ಮುಂದಿನ ಸಾಲಿನಲ್ಲಿದ್ದ.

"ಇಲ್ಲಿ ಕೂತುಕೊಳ್ಳಿ, ಗುರುಗಳೇ. ನಿಮಗೆಂದೇ ಜಾಗ ಇಡಿಸಿದ್ದೇನೆ."

ಗುರುಗಳು ಆ ಕಲ್ಲನ್ನು ನೋಡಿದರು. ಬಗ್ಗಿ ಅಂಗೈಯಿಂದ ಸವರಿದರು. ನಡುವೆ ಸವೆದಿತ್ತು.

"ನಿಂತಿರುತ್ತೇನೆ" ಎಂದರು.

"ಯಾಕೆ? ಸಾಯಂಕಾಲದವರೆಗೂ ನಡೆಯುತ್ತದೆ. ಕಾಲು ನೋಯುತ್ತದೆ."

"ಹೊಸ್ತಿಲ ಮೇಲೆ ಕೂರಬಾರದು ಅಂತ ಅಮ್ಮ ಹೇಳಿಕೊಟ್ಟಿದ್ದಾಳೆ."

ವಿಶಾಖ ಸುತ್ತಲೂ ನೋಡಿದ. ಉದ್ದನೆಯ, ಚಪ್ಪಟೆಯ, ನಡುವೆ ಸವೆದ ಕಲ್ಲುಗಳು. ಕಕುಭದಲ್ಲಿ ಎಷ್ಟು ಮನೆಗಳಿದ್ದವೋ ಅಷ್ಟು. ಇಷ್ಟು ದಿನ ಅವನೂ ಅವುಗಳ ಮೇಲೆ ಕೂತಿದ್ದ. ಅವನು ಆ ಕಲ್ಲಿನಿಂದ ಕಾಲು ಹಿಂದೆಗೆದ. ಆದರೆ ಕಹಳೆ ಊದಿಯಾಗಿತ್ತು, ಅವನು ರಂಗಕ್ಕೆ ಇಳಿಯಬೇಕಿತ್ತು.

ನಾಟಕ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ಮುಖವಾಡ ಹಾಕಿದ ಯವನರು ಕಕುಭದವರಾದರು. ಬಾವಿಗೆ ಇಳಿದು ಅಡಗಿದ ಮುದುಕಿ, ಉರಿಯುವ ಕಣಜದೊಳಗಿನ ಗಂಡನನ್ನು ಕೂಗಿ ಕರೆಯುವ ಬಸುರಿ. ಕೊನೆಗೆ ವಿಶಾಖ ಮುಖವಾಡ ತೆಗೆದು ನೀರುಹಾಡು ಎತ್ತಿಕೊಂಡ. ರಾಗ ನಮ್ಮದು, ಮಾತು ಯವನರದ್ದು. ಸತ್ತವರ ಹೆಸರುಗಳು ಅವರ ಛಂದಸ್ಸಿನಲ್ಲಿ ಕೂರಲಿಲ್ಲವೆಂದು ಬಿಟ್ಟುಬಿಟ್ಟಿದ್ದ. ಬೆನ್ನು ಹಾಕಿದರೆ ಮೇಲಿನ ಸಾಲಿಗೆ ಕೇಳಿಸುವುದಿಲ್ಲವೆಂದು ಜನರ ಕಡೆ ತಿರುಗಿ ನಿಂತಿದ್ದ.

ಹಾಡುವವನ ಮುಖವನ್ನು ಗುರುಗಳು ನೋಡಲಿಲ್ಲ. ತಲೆ ತಗ್ಗಿಸಿದರು.

ಇಡೀ ಗುಡ್ಡ ಅತ್ತಿತು. ಸಿಪಾಯಿಗಳು ಅತ್ತರು, ಅವರ ಹೆಂಡಿರು ಅತ್ತರು. ಮೆಲಾಂತ ಮುಖ ಮುಚ್ಚಿಕೊಂಡು ಹೆಗಲು ಕುಲುಕಿಸುತ್ತ ಅತ್ತ. ಆಮೇಲೆ ರಂಗಕ್ಕೆ ಇಳಿದು ಬಂದು ಹಸಿರು ಬಳ್ಳಿಯ ಕಿರೀಟವೊಂದನ್ನು ವಿಶಾಖನ ತಲೆಗಿಟ್ಟ.

"ಕಕುಭದ ಮಗನೇ, ನಿನ್ನ ಊರನ್ನು ಸುಟ್ಟವರು ನನ್ನ ತಂದೆ. ಇವತ್ತು ಅದಕ್ಕಾಗಿ ನಾನು ಅತ್ತೆ."

ವಿಶಾಖ ಅವನ ಕೈ ಹಿಡಿದುಕೊಂಡ. "ಸ್ವಾಮಿ, ವೇತಸಕ್ಕೆ ಹೋಗಬೇಡಿ."

ಮೆಲಾಂತ ಅವನನ್ನು ತಬ್ಬಿಕೊಂಡ. "ನಿನ್ನ ಹಾಡು ನನ್ನನ್ನು ಬೇರೆ ಮನುಷ್ಯನನ್ನಾಗಿ ಮಾಡಿತು" ಎಂದ.

ಗುಡ್ಡ ಇಳಿಯುವಾಗ ವಿಶಾಖನ ಕಾಲು ನೆಲದ ಮೇಲಿರಲಿಲ್ಲ.

"ನೋಡಿದಿರಲ್ಲ! ಮೊಸಳೆ ಕಣ್ಣೀರಲ್ಲ ಅದು."

"ಅಲ್ಲ. ನಿಜವಾದ ಕಣ್ಣೀರು."

"ನಿಮ್ಮ ಕಣ್ಣೂ ಒದ್ದೆಯಾಗಿದೆ."

"ಆಗಿದೆ."

"ಹಾಗಾದರೆ ಒಪ್ಪುತ್ತೀರಿ."

"ಹೋಗುವುದಿಲ್ಲ ಅಂತ ಹೇಳಿದನೇ?"

"ಆ ಮಾತು ಹೇಳಲಿಲ್ಲ. ಆದರೆ ತಬ್ಬಿಕೊಂಡ."

ಗುರುಗಳು ನಿಂತರು. ಏದುಸಿರು ಬರುತ್ತಿತ್ತು. "ಹೊಟ್ಟೆ ತುಂಬ ಉಂಡವನು ಏನು ಮಾಡುತ್ತಾನೆ?"

"ಮಲಗುತ್ತಾನೆ."

"ಎದ್ದ ಮೇಲೆ?"

"ಕೆಲಸಕ್ಕೆ ಹೋಗುತ್ತಾನೆ" ಎಂದ ವಿಶಾಖ ಅಲ್ಲಿಗೇ ಸುಮ್ಮನಾದ.

ದಿನಗಳು ಕಳೆದವು. ದೋಣಿಗಳು ದಡದಲ್ಲೇ ಇದ್ದವು. ಹಾಡು ಮಾತ್ರ ಊರೂರು ಸುತ್ತಿತು. ಬಟ್ಟೆ ಒಗೆಯುವವರ ಬಾಯಲ್ಲಿ ಅದೇ, ಗೋಡೆ ಕಟ್ಟುವವರ ಬಾಯಲ್ಲಿ ಅದೇ. ಒಮ್ಮೆ ಆಶ್ರಮದ ಹತ್ತಿರ ಕುದುರೆಗೆ ನೀರು ಕುಡಿಸಲು ಬಂದ ಇಬ್ಬರು ಸಿಪಾಯಿಗಳು ಅದನ್ನು ಗುನುಗುತ್ತಿದ್ದರು. ನಮ್ಮ ಹೆಂಗಸರು ಗಂಟಲಲ್ಲಿ ಎಳೆಯುವ ಎಳೆತವನ್ನೂ ಕಲಿತಿದ್ದರು. ಗುರುಗಳನ್ನು ಕಂಡು ತಲೆಬಾಗಿ ನಮಸ್ಕರಿಸಿದರು. ಒಳ್ಳೆಯ ಹುಡುಗರು.

"ಎಷ್ಟು ಪ್ರೀತಿಯಿಂದ ಹಾಡುತ್ತಾರೆ" ಎಂದ ವಿಶಾಖ.

"ಹೌದು" ಎಂದರು ಗುರುಗಳು. "ನಮ್ಮವರಿಗಿಂತ ಚೆನ್ನಾಗಿ ಹಾಡುತ್ತಾರೆ."

ಮಾಗಿಯಲ್ಲಿ ಒಂದು ಬೆಳಗ್ಗೆ ನದಿಯ ಮೇಲೆ ದಟ್ಟ ಮಂಜು ಕವಿದಿತ್ತು. ವಿಶಾಖ ಎದ್ದಾಗ ನೀರುಹಾಡು ಕೇಳಿಸುತ್ತಿತ್ತು. ನೂರಾರು ಗಂಟಲು, ಒಂದೇ ದನಿ. ಗುರುಗಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು.

"ಗುರುಗಳೇ, ಯಾರು ಹಾಡುತ್ತಿದ್ದಾರೆ? ನಮ್ಮವರೇ?"

"ಹುಟ್ಟಿನ ಸದ್ದು ಕೇಳಿಸುತ್ತಿಲ್ಲವೇ?"

ಆಗ ಕೇಳಿಸಿತು. ಹಾಡಿನ ಲಯಕ್ಕೆ ಸರಿಯಾಗಿ ಹುಟ್ಟುಗಳು ಒಟ್ಟಿಗೆ ನೀರಿಗೆ ಬೀಳುತ್ತಿದ್ದವು, ಒಟ್ಟಿಗೆ ಏಳುತ್ತಿದ್ದವು. ಆ ರಾಗ ಹುಟ್ಟು ಹಾಕುವುದಕ್ಕೆ ಇಷ್ಟು ಚೆನ್ನಾಗಿ ಹೊಂದುತ್ತದೆ ಎಂದು ನಮ್ಮವರಿಗೆ ಯಾರಿಗೂ ಗೊತ್ತಿರಲಿಲ್ಲ.

ವಿಶಾಖ ಕಿರುಚಿದ. "ಅಕ್ಕಾ! ಬಾಗಿಲು ತೆಗೆಯಬೇಡ! ಅಕ್ಕಾ!"

ನದಿ ಅಗಲ. ಹಾಡು ದೊಡ್ಡದು. ಅವನ ದನಿ ಗುರುಗಳನ್ನು ದಾಟಿ ಹೋಗಲಿಲ್ಲ. ಕುತ್ತಿಗೆಯವರೆಗೆ ನೀರಿಗಿಳಿದ. ಸೆಳೆತ ಅವನನ್ನು ತಿರುಗಿಸಿ ದಡಕ್ಕೆ ಎಸೆಯಿತು.

ಸ್ವಲ್ಪ ಹೊತ್ತಿಗೆ ಹಾಡು ನಿಂತಿತು.

ಬಿಸಿಲೇರಿ ಮಂಜು ಕರಗಿದ ಮೇಲೂ ಆಚೆ ದಡ ಬಿಳುಪಾಗಿಯೇ ಕಾಣುತ್ತಿತ್ತು. ಅದು ಮಂಜಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಭದ್ರೆ ತೊಗಲಿನ ತೆಪ್ಪದ ಮೇಲೆ ಮಗಳನ್ನು ಅವುಚಿಕೊಂಡು ಬಂದಳು. ಒಂದು ಕಡೆಯ ಕೂದಲು ಸುಟ್ಟಿತ್ತು. ವಿಶಾಖ ಅವಳನ್ನು ಹಿಡಿದು ದಡಕ್ಕೆ ಎಳೆದುಕೊಂಡ.

"ಭಾವ ಎಲ್ಲಿ, ಅಕ್ಕಾ?"

"ಬಾಗಿಲಲ್ಲಿ."

"ಬಾಗಿಲು ತೆಗೆದದ್ದು ಯಾಕೆ?"

"ಭಾವನನ್ನು ಬೈಯಬೇಡ, ತಮ್ಮಾ. ತೆಗೆಯಬೇಡ, ಸ್ವಲ್ಪ ತಾಳು ಅಂತ ಅವರು ಹೇಳಿದರು. ಅಗುಳಿ ತೆಗೆದವಳು ನಾನು."

ವಿಶಾಖ ಅವಳನ್ನೇ ನೋಡುತ್ತ ನಿಂತ.

"ನೀರುಹಾಡು ಕೇಳಿಸಿತು. ಮಂಜಿನಲ್ಲಿ ಮಾತು ತಿಳಿಯಲಿಲ್ಲ, ರಾಗ ತಿಳಿಯಿತು. ಅಮ್ಮ ಎಳೆಯುತ್ತಿದ್ದ ಹಾಗೆಯೇ ಎಳೆಯುತ್ತಿದ್ದರು. ಕಕುಭದವರು ಬಂದರು ಅಂದುಕೊಂಡೆ. ನೀನು ಬಂದೆ ಅಂದುಕೊಂಡೆ ಕಣೋ." ಅವಳು ಅಳಲಿಲ್ಲ. "ತಂಬಿಗೆಯಲ್ಲಿ ನೀರು ಹಿಡಿದುಕೊಂಡೇ ಹೋಗಿದ್ದೆ."

ವಿಶಾಖ ಅಲ್ಲೇ ಮರಳಿನ ಮೇಲೆ ಕುಸಿದ. ಗುರುಗಳು ತಮ್ಮ ಹೊದಿಕೆಯನ್ನು ತೆಗೆದು ಮಗುವಿಗೆ ಹೊದಿಸಿದರು.

ಕೆಲವು ದಿನಗಳ ಮೇಲೆ ಮೆಲಾಂತನೇ ಆಶ್ರಮಕ್ಕೆ ಬಂದ. ಕುದುರೆಯನ್ನು ದೂರದಲ್ಲೇ ಬಿಟ್ಟು, ಚಪ್ಪಲಿ ಕಳಚಿ, ನಡೆದು ಬಂದ. ಕಣ್ಣು ಕೆಂಪಾಗಿತ್ತು.

"ನಿನ್ನ ನಾಟಕದಲ್ಲಿದ್ದ ಹಾಗೆಯೇ ಇತ್ತು, ವಿಶಾಖ" ಎಂದ. "ಬಾವಿ, ಕಣಜ, ಎಲ್ಲ ಹಾಗೆಯೇ. ನನಗೆ ತಡೆಯಲಾಗಲಿಲ್ಲ. ಬಾಗಿಲು ತಾನಾಗಿ ತೆರೆಯಿತು. ಯಾವ ದೇವರು ತೆರೆದನೋ. ವಿಧಿ!"

ಯಾವ ದೇವರೆಂದು ಅವನಿಗೆ ಯಾರೂ ಹೇಳಲಿಲ್ಲ. ಭದ್ರೆ ಎದ್ದು ಗುಡಿಸಲೊಳಗೆ ಹೋದಳು.

ಗುರುಗಳು ಒಂದೇ ಮಾತು ಕೇಳಿದರು. "ಹಾಡುತ್ತ ಯಾಕೆ ಹೋದಿರಿ?"

ಅದರಲ್ಲಿ ಮೋಸವಿತ್ತು ಎಂದು ನೀವು ಎಣಿಸಿರಬಹುದು. ನಾನೂ ಎಣಿಸಿದ್ದೆ. ಮೋಸವಾಗಿದ್ದರೆ ಒಳ್ಳೆಯದಿತ್ತು, ಬೈಯಲು ಒಬ್ಬನಾದರೂ ಸಿಗುತ್ತಿದ್ದ.

ಮೆಲಾಂತ ಆ ಪ್ರಶ್ನೆಗೆ ಬೆರಗಾದ. "ಮನಸ್ಸು ಭಾರವಾಗಿತ್ತು, ಹಿರಿಯರೇ" ಎಂದ. "ನನಗೂ, ನನ್ನ ಸಿಪಾಯಿಗಳಿಗೂ. ಹಾಡಿದರೆ ಹಗುರವಾಗುತ್ತದೆ."

ಆಮೇಲೆ ಬಂದ ಕೆಲಸ ಹೇಳಿದ. ವೇತಸದಲ್ಲಿ ಒಳ್ಳೆಯ ಪಟ್ಟಣ ಕಟ್ಟುತ್ತಾನೆ. ಮೊದಲು ನಾಟಕದ ರಂಗ. ಮೊದಲ ನಾಟಕವನ್ನು ವಿಶಾಖನೇ ಬರೆಯಬೇಕು. ಅನಾಥ ಮಕ್ಕಳನ್ನೆಲ್ಲ ತನ್ನ ಪಟ್ಟಣಕ್ಕೆ ಒಯ್ದು ಸಾಕುತ್ತಾನೆ, ಅಕ್ಷರ ಕಲಿಸುತ್ತಾನೆ, ಒಂದು ಏಟೂ ಬೀಳದಂತೆ ನೋಡಿಕೊಳ್ಳುತ್ತಾನೆ.

ಮೆಲಾಂತ ವಿಶಾಖನ ಭುಜ ತಟ್ಟಿ ಹೊರಟುಹೋದ. ಮಕ್ಕಳ ವಿಷಯದಲ್ಲಿ ಕೊಟ್ಟ ಮಾತನ್ನು ಉಳಿಸಿಕೊಂಡ, ಅದನ್ನೂ ಹೇಳಬೇಕು. ಆಶ್ರಮದಲ್ಲಿ ಗಂಜಿಗೂ ಗತಿಯಿಲ್ಲದಾಗ ಭದ್ರೆ ತನ್ನ ಮಗಳನ್ನೂ ಅಲ್ಲಿಗೇ ಕಳಿಸಿದಳು.

ಮಗು ಅಲ್ಲಿ ದುಂಡುದುಂಡಗಾಯಿತು. ಹಬ್ಬಗಳಲ್ಲಿ ಅಮ್ಮನನ್ನು ನೋಡಲು ಬರುತ್ತಿತ್ತು. ಮೊದಲು ಬೆಟ್ಟದ ಮಾತಿನ ನಡುವೆ ಯವನರ ಮಾತು ಬಂತು. ಆಮೇಲೆ ಯವನರ ಮಾತಿನ ನಡುವೆ ಬೆಟ್ಟದ ಮಾತು ಬಂತು. ಆಮೇಲೆ ಅದೂ ಬರಲಿಲ್ಲ. ಭದ್ರೆ ಮಗಳ ತಲೆ ಬಾಚುತ್ತ ಏನೋ ಕೇಳುವಳು. ಮಗಳು ನಗುತ್ತ ಬೇರೇನೋ ಹೇಳುವಳು.

ವಿಶಾಖ ಅಷ್ಟು ವರ್ಷ ಹಾಡಲಿಲ್ಲ, ಬರೆಯಲಿಲ್ಲ. ಸೌದೆ ತರುತ್ತಿದ್ದ, ನೀರು ಹೊರುತ್ತಿದ್ದ. ಒಂದು ಸಂಜೆ ಗುರುಗಳ ಮುಂದೆ ಬಂದು ಕೂತ.

"ಯವನರ ಭಾಷೆಯನ್ನು ನಾನು ಬಿಟ್ಟೆ, ಗುರುಗಳೇ. ಇನ್ನು ಸಾಯುವ ತನಕ ಅದರಲ್ಲಿ ಒಂದು ಮಾತೂ ಆಡುವುದಿಲ್ಲ. ಇದು ಸಾಕೇ, ಬೇರೆ ಪ್ರಾಯಶ್ಚಿತ್ತ ಇದೆಯೇ?"

"ನಿನ್ನೆ ನಿನ್ನ ಅಕ್ಕನ ಮಗಳು ಬಂದಿದ್ದಳಲ್ಲ. ನಿನ್ನ ಕೈ ಜಗ್ಗಿ ಏನೋ ಕೇಳುತ್ತಿದ್ದಳು. ಏನು ಕೇಳಿದಳು?"

"ನಮ್ಮ ಅಪ್ಪ ಹೇಗೆ ಸತ್ತರು, ಮಾವಾ, ಅಂತ."

"ಯಾವ ಭಾಷೆಯಲ್ಲಿ?"

"ಯವನರದ್ದು. ಅವಳಿಗೆ ಈಗ ಬರುವುದು ಅದೊಂದೇ."

"ಏನು ಹೇಳಿದೆ?"

"ಏನು ಹೇಳಲಿ? ಸುಮ್ಮನಿದ್ದೆ."

"ಸುಮ್ಮನಿರು. ಮೆಲಾಂತ ಹೇಳುತ್ತಾನೆ. ಅತ್ತುಕೊಂಡೇ ಹೇಳುತ್ತಾನೆ. ಮಗು ಅವನ ಕಣ್ಣೊರೆಸುತ್ತದೆ."

"ನನ್ನಿಂದಾಗದು, ಗುರುಗಳೇ. ಆ ಭಾಷೆಯಲ್ಲಿ ಬಾಯಿ ತೆರೆದರೆ ಸಾಕು, ಮಾತು ತಾನಾಗಿ ಲಯ ಹಿಡಿಯುತ್ತದೆ. ಕೇಳುವವರಿಗೆ ಅಳು ಬರುತ್ತದೆ. ನನಗೆ ಅದರದೇ ಹೆದರಿಕೆ."

ಗುರುಗಳು ಏಳಲು ಕೈ ನೀಡಿದರು. ವಿಶಾಖ ಎಬ್ಬಿಸಿದ. ಅವರು ಅವನನ್ನು ಗುಡ್ಡದ ದಾರಿಗೆ ತಿರುಗಿಸಿ, ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ದೂಡಿದರು.

"ಹೋಗಿ ಅವಳಿಗೆ ಹೇಳು. ಅವಳಿಗೆ ತಿಳಿಯುವ ಭಾಷೆಯಲ್ಲೇ ಹೇಳು. ಚೆಂದವಾಗಿ ಮಾತ್ರ ಹೇಳಬೇಡ."